ತಲುಪಿದ ಪೆಟ್ಟಿಗೆ, ತಲುಪದ ಮಾತು

ಪರದೇಶದಲ್ಲಿರುವ ಮಕ್ಕಳಿಗೂ ನೆಂಟರಿಗೂ ಇಲ್ಲಿಂದ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳನ್ನು ಕಟ್ಟಿ ಕಳುಹಿಸುವ ಪದ್ಧತಿಯು ವಾಚಕರೆಲ್ಲರಿಗೂ ತಿಳಿದದ್ದೇ. ಗಂಟು ಅಲ್ಲಿಗೆ ಮುಟ್ಟಿತೆಂದರೆ ನಮ್ಮ ಕೆಲಸ ಮುಗಿಯಿತು. ಸಮುದ್ರವನ್ನು ದಾಟಿದ ಮಾತ್ರಕ್ಕೆ ಉಪ್ಪಿನಕಾಯಿಯ ರುಚಿ ಬದಲಾಗುವುದಿಲ್ಲ. ಚಿತ್ರಗಳ ವಿಷಯವೂ ಹೀಗೆಯೇ ಎಂದು ನಾನು ನಂಬಿದ್ದೆನು. ಆ ನಂಬಿಕೆಯು ಮುರಿದ ಬಗೆಯನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೈಸೂರಿನಲ್ಲಿ ಮದುವೆ ಮುಂಜಿಗಳ ವೀಡಿಯೋ ಚಿತ್ರಗಳನ್ನು ತೆಗೆಯುವುದು ನನ್ನ ಕಸುಬು. 1993ನೆಯ ಇಸವಿಯಲ್ಲಿ, ನಾನಿನ್ನೂ ಈ ಕಸುಬಿಗೆ ಹೊಸಬನಾಗಿದ್ದಾಗ, ನಮ್ಮ ಬೀದಿಯ ಒಂದು ಮನೆಯಲ್ಲಿ ಕಿರಿಯ ಮಗನ ವಿವಾಹವು ನಡೆಯಿತು. ಹಿರಿಯ ಮಗನು ಅಮೇರಿಕಾಕ್ಕೆ ಹೋಗಿ ಆರು ವರುಷಗಳಾಗಿದ್ದುವು. ರಜೆ ದೊರೆಯದೆ ತಮ್ಮನ ಮದುವೆಗೂ ಬರಲಾಗಲಿಲ್ಲ. ಆ ಮನೆಯಲ್ಲಿ ಆಗ ಟೆಲಿಫೋನು ಇರಲಿಲ್ಲ. ಧಾರೆ ಮುಗಿದ ಮೇಲೆ ತಾಯಿಯು ನನ್ನನ್ನು ಕರೆದು, "ಅಪ್ಪಾ, ನನಗೆ ಕಾಗದ ಬರೆಯಲು ಬಾರದು. ಅವನಿಗೆ ನಾಲ್ಕು ಮಾತು ಹೇಳುತ್ತೇನೆ, ಅದನ್ನೂ ಹಿಡಿದುಕೋ" ಎಂದರು. ಚಪ್ಪರದ ಕಂಬಕ್ಕೆ ಒರಗಿ ಕುಳಿತು ಐದು ನಿಮಿಷ ಮಾತನಾಡಿದರು. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ ಎಂದು ಮೊದಲುಮಾಡಿ, ಕಡೆಗೆ, "ಬರುವ ಬೇಸಗೆಗಾದರೂ ಬಂದು ಒಂದು ಸಲ ಮುಖ ತೋರಿಸಿ ಹೋಗುವೆಯಾ?" ಎಂದು ಕೇಳಿ ಸೆರಗಿನಿಂದ ಕಣ್ಣೊರಸಿಕೊಂಡರು.

ಕ್ಯಾಸೆಟ್ಟನ್ನು ಅಂದವಾಗಿ ಕಟ್ಟಿ ನಾನೇ ಅಂಚೆಗೆ ಹಾಕಿದೆನು.

ಒಂದೂವರೆ ತಿಂಗಳಿಗೆ ಕಿರಿಯವನಿಗೆ ಅಣ್ಣನಿಂದ ಕಾಗದ ಬಂದಿತು. ಕ್ಯಾಸೆಟ್ಟು ಯಂತ್ರದ ಬಾಯೊಳಗೆ ಸರಾಗವಾಗಿ ಹೋಯಿತಂತೆ. ಆದರೆ ತೆರೆಯ ಮೇಲೆ ಕಂಡದ್ದು ಉರುಳಾಡುವ ಗೆರೆಗಳು ಮಾತ್ರ. ಧ್ವನಿಯು ಗುಬ್ಬಚ್ಚಿಯ ಚಿಲಿಪಿಲಿಯಂತೆ ಓಡಿಹೋಗಿ, ತಾಯಿ ಏನು ಹೇಳಿದರೆಂಬುದು ಒಂದಕ್ಷರವೂ ತಿಳಿಯಲಿಲ್ಲವಂತೆ. ಮುದುಕಿಗೆ ವ್ಯಸನವಾದೀತೆಂದು ಮನೆಯವರು, "ನೋಡಿದನಂತೆ, ಬಹಳ ಸಂತೋಷಪಟ್ಟನಂತೆ" ಎಂದು ಹೇಳಿಬಿಟ್ಟರು.

ತಪ್ಪು ಎಲ್ಲಿಯದೆಂದು ನಾನು ಬೆಂಗಳೂರಿಗೆ ಹೋಗಿ ಬಲ್ಲವರನ್ನು ವಿಚಾರಿಸಿದೆನು. ಟೆಲಿವಿಷನ್ನು ಹುಟ್ಟಿದ ಕಾಲದಲ್ಲಿ ಚಿತ್ರಗಳ ವೇಗವನ್ನು ಆಯಾ ದೇಶದ ವಿದ್ಯುಚ್ಛಕ್ತಿಯ ಮಿಡಿತಕ್ಕೆ ಹೊಂದಿಸಿದರು. ಅಮೇರಿಕಾದಲ್ಲಿ ವಿದ್ಯುತ್ತು ಸೆಕೆಂಡಿಗೆ 60 ಸಲ ಮಿಡಿಯುವುದರಿಂದ ಸೆಕೆಂಡಿಗೆ 30 ಚಿತ್ರಗಳು, ಒಂದೊಂದಕ್ಕೆ 525 ಗೆರೆಗಳು. ಯುರೋಪಿನ ಬಹುಭಾಗದಲ್ಲಿಯೂ ನಮ್ಮಲ್ಲಿಯೂ ಅದು 50 ಸಲ. ಆದುದರಿಂದ 25 ಚಿತ್ರಗಳು, 625 ಗೆರೆಗಳು. ಬಣ್ಣವನ್ನು ಸೇರಿಸುವ ರೀತಿಯೂ ಬೇರೆ. ಅಮೇರಿಕಾದ ಎನ್‌ಟಿಎಸ್‌ಸಿ ಎಂಬ ವರ್ಣಪದ್ಧತಿಯು 1953ರಲ್ಲಿ ಒಪ್ಪಿತವಾಯಿತು. ಬಣ್ಣದ ಅಲೆಯೂ ಧ್ವನಿಯ ಅಲೆಯೂ ಒಂದನ್ನೊಂದು ಕೆಡಿಸದಿರಲೆಂದು ಅವರು 30ನ್ನು 29.97ಕ್ಕೆ ಇಳಿಸಿದರು. ಜರ್ಮನಿಯ ವಾಲ್ಟರ್ ಬ್ರೂಖ್ ಎಂಬಾತನು ರೂಪಿಸಿದ ಪಾಲ್ ಪದ್ಧತಿಯು 1967ರಲ್ಲಿ ಪ್ರಸಾರಕ್ಕೆ ಬಂದಿತು. 1982ರಲ್ಲಿ ನಮ್ಮ ದೇಶಕ್ಕೆ ಬಣ್ಣದ ಟೆಲಿವಿಷನ್ನು ಬಂದಾಗ ನಾವು ಹಿಡಿದದ್ದು ಇದನ್ನೇ.

ಕ್ಯಾಸೆಟ್ಟಿನ ಪೆಟ್ಟಿಗೆಯು ಮಾತ್ರ ಎರಡು ಕಡೆಯೂ ಒಂದೇ ಅಳತೆಯದು! ಒಳಗಿನ ನಾಡೆಯು ಓಡುವ ವೇಗ ಬೇರೆ, ಚಿತ್ರಗಳ ಎಣಿಕೆ ಬೇರೆ. ನಾನು ಪೆಟ್ಟಿಗೆಯನ್ನು ನೋಡಿ ಮೋಸಹೋಗಿದ್ದೆನು.

ಊರಿಗೆ ಮರಳಿದ ದಿನವೇ ಆ ತಾಯಿಯನ್ನು ಕಂಡೆನು. ಅವರು ಸೊರಗಿದ್ದರು. "ನೋಡಿದನಂತಲ್ಲಪ್ಪಾ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಲಿಲ್ಲ. ಬರುವ ಮನಸ್ಸಿಲ್ಲವೆಂದು ಕಾಣುತ್ತದೆ. ಇರಲಿ" ಎಂದರು. ನನ್ನ ಎದೆಯು ಧಸಕ್ಕೆಂದಿತು. ಮನೆಯವರು ಮುಚ್ಚಿಟ್ಟದ್ದನ್ನು ಹೊರಗೆಡಹಬಹುದೇ ಎಂದು ಒಂದು ಕ್ಷಣ ಅನುಮಾನಿಸಿದೆನು. ಬಳಿಕ ಇದ್ದದ್ದನ್ನು ಇದ್ದಂತೆಯೇ ಹೇಳಿಬಿಟ್ಟೆನು. "ಅಮ್ಮಾ, ಅವರಿಗೆ ನಿಮ್ಮ ಮಾತು ಕೇಳಿಸಲೇ ಇಲ್ಲ. ತಪ್ಪು ನನ್ನದು."

ಬೈಯುವರೆಂದು ನಾನು ತಲೆ ತಗ್ಗಿಸಿದ್ದೆನು. ಅವರ ಮುಖವು ಅರಳಿತು. "ಕೇಳಿಸಲಿಲ್ಲವೇ! ಹಾಗಾದರೆ ಚಿಂತೆಯಿಲ್ಲ ಬಿಡು" ಎಂದು ಎದ್ದು, ನನಗೆ ಕಾಫಿ ಮಾಡಲು ಒಳಕ್ಕೆ ಹೋದರು.

ಬೆಂಗಳೂರಿನಲ್ಲಿ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಮಾರ್ಪಡಿಸುವ ಯಂತ್ರವಿದ್ದಿತು. ಆ ಮದುವೆಯಲ್ಲಿ ನನಗೆ ದೊರೆತ ಹಣದ ಅರ್ಧವು ಅದರ ಬಾಡಿಗೆಗೇ ಹೋಯಿತು. 25 ಚಿತ್ರಗಳಿಂದ 30ನ್ನು ಮಾಡುವುದೆಂದರೆ, ಪ್ರತಿ ಐದಕ್ಕೆ ಇನ್ನೊಂದನ್ನು ಹೇಗಾದರೂ ಕೂಡಿಸಬೇಕಷ್ಟೆ. ಆದುದರಿಂದ ವಧೂವರರು ಸಪ್ತಪದಿಯನ್ನು ತುಳಿಯುವಾಗ ನಡಿಗೆಯು ಕೊಂಚ ತೊದಲುತ್ತಿದ್ದಿತು. ಕಂಬಕ್ಕೆ ಒರಗಿ ಅಲುಗದೆ ಕುಳಿತ ತಾಯಿಯ ಚಿತ್ರಕ್ಕೆ ಯಾವ ಕುಂದೂ ತಗುಲಿರಲಿಲ್ಲ. ಈ ಸಲ ಉತ್ತರವು ಬೇಗನೆ ಬಂದಿತು. ಮುಂದಿನ ಮೇ ತಿಂಗಳಲ್ಲಿ ಉತ್ತರ ಬರೆದವನೇ ಬಂದನು.

ಆ ಕ್ಯಾಸೆಟ್ಟುಗಳ ಕಾಲವು ಕಳೆಯಿತು. ಅಮೇರಿಕಾದ ದೊಡ್ಡ ಪ್ರಸಾರಕೇಂದ್ರಗಳು 2009ರಲ್ಲಿಯೇ ಹಳೆಯ ಪದ್ಧತಿಯನ್ನು ನಿಲ್ಲಿಸಿದುವು. ಈಗ ಚಿತ್ರಗಳು ಅಂತರ್ಜಾಲದ ಮೂಲಕ ಹೋಗುತ್ತವೆ. ಮನೆಯ ಕಂಪ್ಯೂಟರು 25ನ್ನೂ 30ನ್ನೂ ಭೇದವಿಲ್ಲದೆ ತೋರಿಸುತ್ತದೆ. ಆದರೂ ಪ್ರಸಾರಕ್ಕಾಗಿ ಚಿತ್ರವನ್ನು ಬೇಡುವ ಗಿರಾಕಿಗೆ ಹಳೆಯ ಎಣಿಕೆಯೇ ಇಂದಿಗೂ ಎಣಿಕೆ. ಕೆನಡಾದ ಒಬ್ಬರು ಮೇಲುಕೋಟೆಯ ವೈರಮುಡಿ ಉತ್ಸವದ ಚಿತ್ರವನ್ನು ಬೇಡಿದಾಗ, ಕ್ಯಾಮೆರಾವನ್ನು ಮುಟ್ಟುವ ಮೊದಲೇ ನಾನು ಅವರಿಗೆ ಬರೆದು ಕೇಳಿದೆನು: ಸೆಕೆಂಡಿಗೆ ಚಿತ್ರಗಳೆಷ್ಟು? ಗೆರೆಗಳೆಷ್ಟು? ಪ್ರತಿ ಚಿತ್ರವೂ ಇಡಿಯಾಗಿರಬೇಕೋ, ಗೆರೆ ಬಿಟ್ಟು ಗೆರೆಯಾಗಿ ಎರಡು ಪಾಲಿನಲ್ಲಿರಬೇಕೋ? 29.97 ಎಂದು ಉತ್ತರ ಬಂದಿತು. ಎಣಿಕೆಯನ್ನು ಅವರದಾಗಿಯೇ ಇಟ್ಟುಕೊಂಡೆನು. ಆದರೆ ದೀಪಗಳು ನಮ್ಮವು. ಅವರಲ್ಲಿ ವಾಡಿಕೆಯಾದ ಸೆಕೆಂಡಿನ 60ನೆಯ ಒಂದು ಭಾಗದಷ್ಟು ಕಾಲ ಬೆಳಕನ್ನು ಬಿಟ್ಟರೆ, ನಮ್ಮ ಕೊಳವೆದೀಪಗಳು ಚಿತ್ರದಲ್ಲಿ ಮಿಣುಕುತ್ತವೆ. ಆದುದರಿಂದ ಅದನ್ನು 50ನೆಯ ಒಂದು ಭಾಗಕ್ಕೆ ಹೊಂದಿಸಿದೆನು.

ಕಳುಹಿಸಿದ ಮೇಲೆ, ಸಾಮಾನು ಮುಟ್ಟಿತೇ ಎಂದು ನಾನೀಗ ಕೇಳುವುದಿಲ್ಲ. ನೋಡಿದಿರಾ, ಮಾತು ಕೇಳಿಸಿತೇ ಎಂದು ಕೇಳುತ್ತೇನೆ. ಮನೆಯಿಂದ ದೂರದವರಿಗೆ ಏನನ್ನಾದರೂ ಕಳುಹಿಸುವ ವಾಚಕರೂ ಹಾಗೆಯೇ ಕೇಳುವುದು ಒಳ್ಳೆಯದು. ಉತ್ತರವು ತಡವಾದರೆ, ಅವರಿಗೆ ಮನಸ್ಸಿಲ್ಲವೆಂದು ಎಣಿಸುವ ಮೊದಲು, ನಮ್ಮ ಮಾತು ಅವರನ್ನು ಮುಟ್ಟಿತೋ ಇಲ್ಲವೋ ಎಂಬುದನ್ನು ತಿಳಿದುಕೊಳ್ಳಬೇಕು.