ಹೆಸರಿಲ್ಲದ ಒಡವೆ

ಪ್ರಯಾಣದಲ್ಲಿ ಲ್ಯಾಪ್‌ಟಾಪನ್ನು ಮರೆತು ಬಂದ ಹಳೆಯ ವಿದ್ಯಾರ್ಥಿಗಳು ಕೆಲವರು ನಮ್ಮಲ್ಲಿಗೆ ಬಂದು ಪೇಚಾಡಿಕೊಳ್ಳುವುದುಂಟು. ಯಂತ್ರವು ಎಲ್ಲಿದೆಯೆಂದು ತೋರಿಸುವ ಏರ್ಪಾಡು ಅದರೊಳಗೇ ಇರುತ್ತದೆ. ಆದರೆ ಅದನ್ನು ಮೊದಲೇ ಚಾಲೂ ಮಾಡಿಟ್ಟಿರಬೇಕು. ವಸ್ತು ಕೈತಪ್ಪಿದ ಮೇಲೆ ದೂರದಿಂದ ಚಾಲೂ ಮಾಡಲು ಬರುವುದಿಲ್ಲ. ಹಾಗೆ ಮಾಡದಿದ್ದವರು ಆಸೆಯನ್ನೇ ತೊರೆದು ಕುಳಿತುಬಿಡುತ್ತಾರೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಕಳೆದ ವರ್ಷ ಕಡಕೊಳದಲ್ಲಿ ನಡೆದ ಸಂಗತಿಯೊಂದು ಇದನ್ನು ಇನ್ನಷ್ಟು ಬಲಪಡಿಸಿತು.

ಕಡಕೊಳವು ಮೈಸೂರಿಗೂ ನಂಜನಗೂಡಿಗೂ ನಡುವಣ ರೈಲು ನಿಲ್ದಾಣ. ನಮ್ಮ ಪ್ರಸಾದನಿಲಯದಲ್ಲಿ ಓದಿ ಈಗ ಸಂಶೋಧನೆಯಲ್ಲಿ ತೊಡಗಿರುವ ತರುಣನೊಬ್ಬನು ಚಾಮರಾಜನಗರದ ಕಡೆಯಿಂದ ಬಂದ ಗಾಡಿಯಿಂದ ಅಲ್ಲಿ ಇಳಿದು ಅಕ್ಕನ ಮನೆಗೆ ನಡೆದನು. ಚೀಲವು ಗಾಡಿಯ ಮೇಲ್ಹಲಗೆಯಲ್ಲಿಯೇ ಉಳಿಯಿತು. ಅದರಲ್ಲಿದ್ದ ಯಂತ್ರದ ಬೆಲೆ ಹಾಗಿರಲಿ, ಒಂದು ತಾಳೆಗರಿಯ ಕಟ್ಟಿನ ಪಾಠಾಂತರಗಳನ್ನು ಗುರುತಿಸಿದ ಮೂರು ವರ್ಷಗಳ ದುಡಿಮೆ ಅದರಲ್ಲಿತ್ತು; ಅದಕ್ಕೆ ಬೇರೊಂದು ಪ್ರತಿ ಇರಲಿಲ್ಲ.

ಆ ಮಾರ್ಗದ ಗಾಡಿಗಳೆಲ್ಲ ಮೈಸೂರಿನಲ್ಲಿಯೇ ಕೊನೆಗೊಳ್ಳುವುದಿಲ್ಲ. ಬೆಂಗಳೂರಿನತ್ತ ಸಾಗುವವು ಇವೆ, ತಿರುಪತಿಯವರೆಗೆ ಹೋಗುವುದೂ ಇದೆ. ಆದ್ದರಿಂದ ಮೊದಲ ಗಳಿಗೆಯ ಬೆಲೆ ದೊಡ್ಡದು. ಅವನು ಕೂಡಲೇ ರೈಲ್ವೆಯ 139ನೆಯ ಸಂಖ್ಯೆಗೆ ಕರೆ ಮಾಡಿದನು. ಕಾಯ್ದಿರಿಸದ ಚೀಟಿಯಾದುದರಿಂದ ಆಸನದ ಸಂಖ್ಯೆ ಇರಲಿಲ್ಲ. ಆದರೆ ಎಂಜಿನ್ನಿನಿಂದ ಮೂರನೆಯ ಬೋಗಿ, ಬಾಗಿಲ ಪಕ್ಕದ ಹಲಗೆ ಎಂಬುದು ನೆನಪಿತ್ತು. ಇಂಥ ದೂರುಗಳನ್ನು ರೈಲ್ವೆ ರಕ್ಷಣಾ ದಳದವರು ನೋಡುತ್ತಾರೆ. ವಾರಸುದಾರರಿಲ್ಲದೆ ಸಿಕ್ಕ ಸಾಮಾನುಗಳನ್ನು ಒಡೆಯರಿಗೆ ಮುಟ್ಟಿಸುವ ತಮ್ಮ ಕಾರ್ಯಕ್ಕೆ ಅವರು ‘ಆಪರೇಷನ್ ಅಮಾನತ್’ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಅಮಾನತು ಎಂದೊಡನೆ ಕೆಲಸದಿಂದ ತಡೆಹಿಡಿಯಲ್ಪಟ್ಟ ನೌಕರನೇ ನೆನಪಾಗುತ್ತಾನೆ! ನಂಬಿ ಇಟ್ಟ ವಸ್ತು ಎಂಬುದು ಆ ಪದದ ಮೂಲಾರ್ಥ.

ಮೈಸೂರಿನಲ್ಲಿ ಬೋಗಿಯನ್ನು ನೋಡಿದಾಗ ಚೀಲ ಅಲ್ಲಿರಲಿಲ್ಲ.

ತರುಣನು ಧೈರ್ಯಗೆಡಲಿಲ್ಲ. ಗೆಳೆಯನ ಯಂತ್ರದಿಂದ ತನ್ನ ಇ-ಮೇಲಿನ ಗುಪ್ತಪದವನ್ನು ಬದಲಿಸಿ, ಕಳೆದ ಯಂತ್ರದಲ್ಲಿ ತೆರೆದಿದ್ದ ಖಾತೆಗಳನ್ನು ದೂರದಿಂದಲೇ ಮುಚ್ಚಿದನು. ಯಾವ ಯಂತ್ರದಿಂದ ಖಾತೆಯನ್ನು ಕೊನೆಗೆ ಎಂದು ಬಳಸಲಾಯಿತೆಂಬ ಪಟ್ಟಿ ಅಂಥ ಖಾತೆಗಳಲ್ಲಿ ದೊರೆಯುತ್ತದೆ. ಮರೆತ ದಿನದ ಅನಂತರ ಅಲ್ಲಿ ಯಾವ ಸುಳಿವೂ ಕಾಣಲಿಲ್ಲ. ಯಂತ್ರವು ಅಂತರ್ಜಾಲಕ್ಕೆ ಸೇರಿಲ್ಲವೆಂದು ಊಹಿಸಬಹುದಿತ್ತು. ಮೊಬೈಲು ಕಳೆದರೆ 2023ರ ಮೇ ತಿಂಗಳಿನಿಂದ ದೇಶಾದ್ಯಂತ ದೊರೆತ ‘ಸಂಚಾರ್ ಸಾಥಿ’ಯಲ್ಲಿ ಅದನ್ನು ತಡೆಹಿಡಿಸಬಹುದು. ಅದು ಮೊಬೈಲಿನ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆಯನ್ನು ಆಧರಿಸಿದ ಏರ್ಪಾಡು. ಸಿಮ್ ಇಲ್ಲದ ಲ್ಯಾಪ್‌ಟಾಪಿಗೆ ಆ ಸಂಖ್ಯೆಯೇ ಇಲ್ಲ. ಅದಕ್ಕಿರುವುದು ತಯಾರಕರು ಕೊಟ್ಟ ಕ್ರಮಸಂಖ್ಯೆ ಮಾತ್ರ. ಯಂತ್ರದ ಬೆನ್ನಿನ ಮೇಲಿರುವ ಆ ಸಂಖ್ಯೆ ಯಂತ್ರದೊಡನೆಯೇ ಹೋಗುತ್ತದೆ. ಆದರೆ ಅದು ಕೊಂಡಾಗ ಬಂದ ಪೆಟ್ಟಿಗೆಯ ಮೇಲೂ, ಅನೇಕ ಸಲ ರಸೀದಿಯಲ್ಲಿಯೂ ಇರುತ್ತದೆ. ಅವನ ತಾಯಿ ಆ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ತುಂಬಿ ಅಟ್ಟದ ಮೇಲಿಟ್ಟಿದ್ದುದು ಉಪಕಾರವಾಯಿತು. ಆ ಸಂಖ್ಯೆಯೊಡನೆ ಪೊಲೀಸರಿಗೆ ಲಿಖಿತ ದೂರು ಹೋಯಿತು. ನಿಲ್ದಾಣದ ಸಮೀಪದ ಅಂಗಡಿಗಳಲ್ಲಿ ಅಂಟಿಸಿದ ಚೀಟಿಯಲ್ಲಿ ಮಾತ್ರ ಅದನ್ನು ಬರೆಯಲಿಲ್ಲ. ಗುರುತನ್ನೆಲ್ಲ ಬೀದಿಗೆ ಸಾರಿದರೆ ತನ್ನದೆನ್ನುವವರು ಹತ್ತು ಮಂದಿ ಬಂದಾರು. ದನ ತಪ್ಪಿಸಿಕೊಂಡಾಗ ಗುರುತು ಕೇಳಿಯೇ ಒಪ್ಪಿಸುತ್ತಿದ್ದ ನಮ್ಮ ಹಿರಿಯರಿಗೆ ಈ ವಿವೇಕ ಹೊಸದಲ್ಲ.

ಐದನೆಯ ದಿನ ಮಠಕ್ಕೆ ಒಂದು ಕರೆ ಬಂದಿತು. ಅಶೋಕಪುರಂ ನಿಲ್ದಾಣದಲ್ಲಿ ಇಳಿಯುವ ವೃದ್ಧರೊಬ್ಬರು, ಅನ್ಯರ ಪಾಲಾದೀತೆಂದು ಚೀಲವನ್ನು ಮನೆಗೆ ಒಯ್ದಿದ್ದರು. ನೆರೆಮನೆಯ ಹುಡುಗನು ಯಂತ್ರವನ್ನು ತೆರೆದು ನೋಡಿದರೆ ಗುಪ್ತಪದ ಕೇಳಿತು. ಮೇಲೆ ಎಲ್ಲಿಯೂ ಹೆಸರಿರಲಿಲ್ಲ. ಠಾಣೆಗೆ ಒಯ್ದರೆ ತಮ್ಮನ್ನೇ ಕಳ್ಳರೆಂದಾರೆಂಬ ಅಂಜಿಕೆ ಅವರಿಗೆ. ಕೊನೆಗೆ ಚೀಲದ ಪಕ್ಕದ ಜೇಬಿನಲ್ಲಿ ಈ ನಮ್ಮ ಮಾಸಪತ್ರಿಕೆಯ ಹಳೆಯ ಸಂಚಿಕೆಯೊಂದು ಸಿಕ್ಕಿ, ಅದರಲ್ಲಿ ಅಚ್ಚಾಗಿದ್ದ ಮಠದ ದೂರವಾಣಿಗೆ ಮಾತನಾಡಿದರು. ಪತ್ರಿಕೆಯನ್ನು ಓದದವರಿಗೂ ಅದು ಒದಗಿತೆಂದು ಸಂಪಾದಕರು ಹಿಗ್ಗಬಹುದು.

ನಮ್ಮ ಮನಸ್ಸಿನಲ್ಲಿ ನಿಂತುದು ಆ ಐದು ದಿನಗಳ ವಿಳಂಬ. ಕಳ್ಳನನ್ನು ತಡೆಯಲೆಂದು ಹಾಕಿದ ಬೀಗವು ಸಜ್ಜನನನ್ನೂ ಹೊರಗೇ ನಿಲ್ಲಿಸಿತ್ತು. ಬೀಗ ಬೇಕು, ಸಂದೇಹವಿಲ್ಲ. ಆದರೆ ಬೀಗದ ಹೊರಗಡೆ ಒಡೆಯನ ಹೆಸರೂ ಬೇಕು. ಹತ್ತು ರೂಪಾಯಿಯ ಚೀಟಿಯೊಂದರಲ್ಲಿ ಹೆಸರನ್ನೂ, ಆ ಯಂತ್ರದೊಡನೆ ಕಳೆದುಹೋಗದ ಬೇರೊಬ್ಬರ ದೂರವಾಣಿಯನ್ನೂ ಬರೆದು ಅಂಟಿಸಿದ್ದರೆ ವೃದ್ಧರು ಅಂದಿನ ಸಂಜೆಯೇ ಕರೆ ಮಾಡುತ್ತಿದ್ದರು. ತಾಳೆಗರಿಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಸಂವತ್ಸರ, ತಿಥಿ, ಬರೆದವನ ಹೆಸರು, ಯಾರಿಗಾಗಿ ಬರೆಯಿತೆಂಬುದನ್ನು ಕಾಣಿಸುತ್ತಿದ್ದರು. ನಮ್ಮ ಶರಣರ ವಚನಗಳಿಗೆ ಅಂಕಿತವೇ ಆ ಕೆಲಸವನ್ನು ಮಾಡಿತು. ಕಲ್ಯಾಣದ ವಿಪ್ಲವದ ಅನಂತರ ಕಟ್ಟುಗಳು ಎಲ್ಲೆಲ್ಲಿಯೋ ಚದುರಿದವು. ಶತಮಾನಗಳು ಕಳೆದ ಮೇಲೆ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಾಗ, ಇದು ಬಸವಣ್ಣನವರದು, ಇದು ಅಲ್ಲಮಪ್ರಭುವಿನದು ಎಂದು ವಿಂಗಡಿಸಲು ನೆರವಾದುದು ಆ ಅಂಕಿತ.

ವೃದ್ಧರು ಚೀಲವನ್ನು ಎತ್ತಿಕೊಂಡುದು ಸರಿಯೆ ಎಂಬ ಪ್ರಶ್ನೆಯನ್ನು ಭಕ್ತರೊಬ್ಬರು ನಮ್ಮ ಮುಂದಿಟ್ಟರು. ಶಿಕಾರಿಪುರ ಸೀಮೆಯ ಹಿರೇಜಂಬೂರಿನ ಶರಣೆ ಸತ್ಯಕ್ಕ, ದಾರಿಯಲ್ಲಿ ಹೊನ್ನು ವಸ್ತ್ರ ಬಿದ್ದಿದ್ದರೂ ಕೈಮುಟ್ಟಿ ಎತ್ತೆನೆಂದು ಶಂಭುಜಕ್ಕೇಶ್ವರನ ಸಾಕ್ಷಿಯಾಗಿ ಆಣೆಯಿಟ್ಟವಳು. ಹಾಗಾದರೆ ಎತ್ತಿದವರು ತಪ್ಪಿದಂತಾಗಲಿಲ್ಲವೆ ಎಂಬುದು ಅವರ ಶಂಕೆ. ಸತ್ಯಕ್ಕನು ನಿಷೇಧಿಸಿದ್ದು ತನಗೆಂದು ಎತ್ತುವುದನ್ನು ಎಂದು ನಾವು ತಿಳಿಯುತ್ತೇವೆ. ಕಾನೂನಿನ ನಿಲುವೂ ಇದಕ್ಕೆ ಹತ್ತಿರವಾಗಿದೆ. 1872ರ ಭಾರತೀಯ ಕರಾರು ಅಧಿನಿಯಮದ 71ನೆಯ ಕಲಮು, ಸಿಕ್ಕ ವಸ್ತುವನ್ನು ಎತ್ತಿಕೊಂಡವನ ಮೇಲೆ ನಂಬಿ ಒಪ್ಪಿಸಿದ್ದನ್ನು ಕಾಯುವವನ ಹೊಣೆಯನ್ನೇ ಹೊರಿಸುತ್ತದೆ. ಅಂದರೆ ಅಮಾನತ್ತಿನ ಹೊಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನಂತೆ, ಕಾಪಾಡಿ ಹಿಂದಿರುಗಿಸಲೆಂದು ಎತ್ತಿಕೊಳ್ಳುವುದು ಅಪರಾಧವಲ್ಲ. ಒಡೆಯನಾರೆಂದು ತಿಳಿದೂ, ಅಥವಾ ತಿಳಿಯಲು ತಕ್ಕ ಪ್ರಯತ್ನ ಮಾಡದೆಯೂ ತನ್ನದಾಗಿಸಿಕೊಳ್ಳುವುದು ಅಪರಾಧ. ವೃದ್ಧರ ಅಂಜಿಕೆಗೆ ಕಾನೂನಿನಲ್ಲಿ ಆಧಾರವಿರಲಿಲ್ಲ. ತಂದುಕೊಟ್ಟವನನ್ನೇ ಮೊದಲು ಪ್ರಶ್ನಿಸುವ ನಮ್ಮ ಜನರ ನಡವಳಿಕೆಯಲ್ಲಿ ಆಧಾರವಿತ್ತು.

ಸತ್ಯಕ್ಕನ ಆಣೆಯನ್ನು ಬೇರೆ ರೀತಿಯಲ್ಲಿ ಅರ್ಥೈಸುವ ಹಿರಿಯರು ಇದ್ದಾರು. ಅಂಥವರು ತಮ್ಮ ವಿಚಾರವನ್ನು ಈ ಪತ್ರಿಕೆಗೆ ಬರೆದು ಕಳುಹಿಸಿದರೆ ಸಂತೋಷ.