ಬೈಸಿಕಲ್ಲಿನ ಹ್ಯಾಂಡಲೂ ಬಾಲಿಕೆಯ ಬೆನ್ನೂ

ದೂರದಿಂದ ಬೈಸಿಕಲ್ಲಿನಲ್ಲಿ ಬರುವ ಬಾಲಿಕೆಯರು ಮೊದಲನೆಯ ಪಾಠದಲ್ಲಿಯೇ ಕತ್ತನ್ನು ನೀವಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಅವರನ್ನು ಸೋಮಾರಿಗಳೆಂದು ಎಣಿಸುವುದು ನ್ಯಾಯವಲ್ಲ. ಮಗಳು ಬೆಳೆದಂತೆ ಸೀಟನ್ನು ಏರಿಸುವ ತಂದೆತಾಯಿಗಳು ಹ್ಯಾಂಡಲನ್ನು ಮಾತ್ರ ಇದ್ದಲ್ಲಿಯೇ ಬಿಡುವುದುಂಟು.

ಹ್ಯಾಂಡಲು ಬಹಳ ತಗ್ಗಾದರೆ ಬೆನ್ನು ಬಾಗುವುದು. ದೇಹಭಾರವು ಅಂಗೈಗಳ ಮೇಲೆ ಬೀಳುವುದು. ದಾರಿ ನೋಡಲು ಕತ್ತನ್ನು ಹಿಂದಕ್ಕೆತ್ತಬೇಕಾಗುವುದು. ಅಂಗೈಯ ನರವು ಅದುಮಿ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿಯುವುವು. ಅತಿಯಾಗಿ ಏರಿಸಿದರೂ ಸುಖವಿಲ್ಲ. ಭಾರವೆಲ್ಲ ಸೀಟಿನ ಮೇಲೆ ಕುಳಿತು, ಹಾದಿಯ ಕುಲುಕಾಟವು ಬೆನ್ನೆಲುಬಿಗೆ ತಗಲುವುದು.

ಆದುದರಿಂದ ಮೊದಲು ಸೀಟನ್ನು ಸರಿಪಡಿಸತಕ್ಕದ್ದು: ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೆಟ್ಟಗಾಗಬೇಕು. ಬಳಿಕ ಹ್ಯಾಂಡಲನ್ನು ಸೀಟಿನ ಮಟ್ಟಕ್ಕೆ, ಇಲ್ಲವೆ ತುಸು ಮೇಲಕ್ಕೆ ತರಬೇಕು. ಹಿಡಿದಾಗ ಮೊಣಕೈ ಕೊಂಚ ಮಡಿದಿರಬೇಕು. ಹ್ಯಾಂಡಲಿನ ಕಂಬದ ಮೇಲಿನ ಮಿತಿಯ ಗೆರೆಯು ಹೊರಗೆ ಕಾಣುವಷ್ಟು ಏರಿಸಬಾರದು, ಕಂಬವು ಕಿತ್ತುಬಂದೀತು.

2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಬಡ ಬಾಲಿಕೆಯರಿಗೆ ಬೈಸಿಕಲ್ಲು ಹಂಚತೊಡಗಿದಾಗ ಎಷ್ಟೋ ಹಳ್ಳಿಗಳಿಗೆ ಹೈಸ್ಕೂಲು ಹತ್ತಿರವಾಯಿತು. ನೋವು ತಾಳಲಾರದೆ ಬೈಸಿಕಲ್ಲನ್ನು ಗೋಡೆಗೊರಗಿಸಿದ ದಿನ ಅದೇ ಶಾಲೆಯು ಪುನಃ ದೂರವಾಗುವುದು. ಪೋಷಕರು ಸ್ಪ್ಯಾನರು ಹಿಡಿದು ಕೆಲವು ನಿಮಿಷಗಳನ್ನು ಇದಕ್ಕಾಗಿ ವ್ಯಯಮಾಡಬೇಕೆಂದು ವಿನಯದಿಂದ ಬೇಡುತ್ತೇವೆ.