ಹಿಂಬದಿಯ ಬಿರುಕು

ಆಷಾಢದ ಮಳೆಯಲ್ಲಿ ಶಿರಾಡಿ ಘಾಟಿಯ ಗುಂಡಿಗೂ ರಸ್ತೆಗೂ ವ್ಯತ್ಯಾಸ ಕಾಣುವುದಿಲ್ಲ; ಎರಡರ ಮೇಲೂ ಒಂದೇ ಮಟ್ಟದ ನೀರು. ದೋಣಿಗಾಲ್ ದಾಟಿದ ಮೇಲೆ ಎದುರು ಬಂದ ಟ್ಯಾಂಕರಿಗೆ ದಾರಿ ಬಿಡಲು ಎಡಕ್ಕೆ ಸರಿದೆ. ಮುಂದಿನ ಚಕ್ರ ಧಡಾರನೆ ಇಳಿಯಿತು, ಅದರ ಬೆನ್ನಿಗೇ ಹಿಂದಿನದು. ಸ್ಟೀರಿಂಗ್ ಹಿಡಿದ ಕೈ ಮೊಣಕೈವರೆಗೆ ಜುಮ್ಮೆಂದಿತು. ಇಳಿದು ಟಾರ್ಚ್ ಬಿಟ್ಟು ನೋಡಿದರೆ ಟೈರು ಗಟ್ಟಿ, ಅಲಾಯ್ ವೀಲ್ ಫಳಫಳ. ಹಿಂದೆ ಲಾರಿಗಳು ಹಾರ್ನ್ ಒತ್ತುತ್ತಿದ್ದವು. ಹೊರಟೆವು.

ಗುಂಡ್ಯ ತಲುಪುವಷ್ಟರಲ್ಲಿ ಕಾರು ಎಡಕ್ಕೆ ಎಳೆಯತೊಡಗಿತು. ನೆಲ್ಯಾಡಿಯ ಪಂಕ್ಚರ್ ಅಂಗಡಿಯಾತ ಮೊಳೆ ಹುಡುಕಿದ, ಟೈರಿನ ಮೇಲೆಲ್ಲ ಸೋಪು ನೀರು ಸವರಿದ, ವಾಲ್ವಿಗೆ ಎಂಜಲು ಹಚ್ಚಿ ನೋಡಿದ. ಏನೂ ಸಿಗಲಿಲ್ಲ. "ಗಾಳಿ ಫುಲ್ ಹಾಕಿದ್ದೇನೆ, ಹೋಗಿ ಮಾರಾಯ್ರೆ" ಅಂದ. ರಾತ್ರಿ ಮಂಗಳೂರಿನ ಅಕ್ಕನ ಮನೆ ಮುಟ್ಟಿದಾಗ ಅವನು ತುಂಬಿಸಿದ್ದ 33 ಪಿಎಸ್‌ಐಯಲ್ಲಿ ಅರ್ಧ ಸೋರಿತ್ತು. ಬೆಳಗ್ಗೆ ನೋಡಿದರೆ ರಿಮ್ಮು ನೆಲಕ್ಕೆ ತಾಗುವುದೊಂದೇ ಬಾಕಿ. ಹಿಂದಿನ ಚಕ್ರವೂ ಅದೇ ದಾರಿ ಹಿಡಿದಿತ್ತು.

ಪಡೀಲಿನ ಹತ್ತಿರದ ಅಂಗಡಿಯ ಹುಡುಗ ಹೊರಗಿನಿಂದ ನೋಡಲೇ ಇಲ್ಲ. ಚಕ್ರ ಬಿಚ್ಚಿ, ಒಳಮುಖ ಮೇಲಾಗುವಂತೆ ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿದ. ಟೈರಿನಿಂದ ಒಂದು ಗುಳ್ಳೆಯೂ ಏಳಲಿಲ್ಲ. ರಿಮ್ಮಿನ ಹಿಂಬದಿ ಅಂಚಿನಿಂದ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಬಂದವು. ಬ್ರೇಕಿನ ಕರಿ ಧೂಳನ್ನು ಚಿಂದಿ ಬಟ್ಟೆಯಿಂದ ಒರೆಸಿ, ಅಲ್ಲಿ ಉಗುರು ಎಳೆದು ತೋರಿಸಿದ. ಕಣ್ಣಿಗೆ ಪೆನ್ಸಿಲ್ ಗೀಟಿನಂತೆ ಕಂಡದ್ದು ಉಗುರಿಗೆ ಮಾತ್ರ ತಕ್ಷಣ ಸಿಕ್ಕಿತು. ಹಿಂದಿನ ಚಕ್ರದಲ್ಲೂ ಅದೇ ಜಾಗದಲ್ಲಿ ಇನ್ನೊಂದು, ಸ್ವಲ್ಪ ಚಿಕ್ಕದು.

ಬಿರುಕು ಹಿಂಬದಿಗೇ ಬರುವುದು ಸುಮ್ಮನಲ್ಲ. ಸ್ಪೋಕ್‌ಗಳೆಲ್ಲ ಹೊರಮುಖದ ಕಡೆ ಇರುತ್ತವೆ. ಒಳಗಿನ ಅಂಚಿಗೆ ಯಾವ ಆಸರೆಯೂ ಇಲ್ಲ, ತೆಳುವಾದ ಬಳೆ ಅದು. ಗುಂಡಿಯ ಅಂಚು ಟೈರನ್ನು ಚಪ್ಪಟೆ ಮಾಡಿ ಅಲ್ಲಿಗೇ ಬಡಿಯುತ್ತದೆ. ಉಕ್ಕಿನ ರಿಮ್ಮಾದರೆ ಹೆಚ್ಚಾಗಿ ನೆಗ್ಗುತ್ತದೆ. ಎರಕದ ಅಲ್ಯೂಮಿನಿಯಂಗೆ ಅಷ್ಟು ಬಾಗುವ ಗುಣವಿಲ್ಲ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ಹಿಡಿದಿಡುವ ಒಂದು ಗೋಡೆಯೇ ರಿಮ್ಮು. ಅದು ಸೀಳಿದ ಮೇಲೆ ಟೈರು ಎಷ್ಟು ಹೊಸದಾಗಿದ್ದರೇನು?

ಒಂದು ಸ್ಟೆಪ್ನಿ, ಕೆಟ್ಟ ಚಕ್ರ ಎರಡು. ಸ್ಟೆಪ್ನಿಯನ್ನು ಮುಂದಕ್ಕೆ ಹಾಕಿದೆವು. ಹಿಂದಿನದಕ್ಕೆ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಸಣ್ಣ ಪಂಪಿನಿಂದ ಗಾಳಿ ಹೊಡೆಯುತ್ತ ಊರೊಳಗೆ ಅಲೆದೆವು. ಮಳೆಯಲ್ಲಿ ಕೊಡೆ ಹಿಡಿದು ಕೂತು ಆ ಪಂಪಿನ ಗೊರಗೊರ ಕೇಳುವುದು ದಿನದ ಕೆಲಸವಾಯಿತು. ಸರ್ವಿಸ್ ಸೆಂಟರಿನಲ್ಲಿ ಒಂದು ರಿಮ್ಮಿಗೆ ಹೇಳಿದ ಬೆಲೆಗೆ ಎರಡು ಒಳ್ಳೆ ಟೈರು ಬರುತ್ತಿತ್ತು. ಅದೂ ಆರ್ಡರ್ ಹಾಕಿ ಕಾಯಬೇಕು. ವಿಮೆ ಕೇಳೋಣವೆಂದರೆ, ಕ್ಲೇಮ್ ಮಾಡದೆ ಐದು ವರ್ಷ ಕೂಡಿಟ್ಟ ಶೇಕಡಾ 50ರ ನೋ ಕ್ಲೇಮ್ ಬೋನಸ್ ಪೂರ್ತಿ ಹೋಗುತ್ತದೆ. ಲೆಕ್ಕ ಹಾಕಿ ಕೈಬಿಟ್ಟೆ.

ಎಲ್ಲರ ಬಾಯಲ್ಲೂ ಒಂದೇ ಮಾತು: ವೆಲ್ಡಿಂಗ್ ಮಾಡಿಸಿ. ಭಾವ ಕರೆದುಕೊಂಡು ಹೋದ ವರ್ಕ್‌ಶಾಪಿನವನ ಕೈಚಳಕವನ್ನು ನಾನು ಹೀಗಳೆಯಲಾರೆ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆಯುತ್ತಾನೆ, ಗೀಟನ್ನು ಕಾಲುವೆಯಂತೆ ಕೆತ್ತುತ್ತಾನೆ, ಆರ್ಗಾನ್ ಅನಿಲದ ನೆರಳಲ್ಲಿ ಟಿಗ್ ವೆಲ್ಡಿಂಗ್ ಮಾಡಿ, ಉಜ್ಜಿ, ಬಣ್ಣ ಹೊಡೆದು ಕೊಡುತ್ತಾನೆ. ಅವನು ತೋರಿಸಿದ ಚಕ್ರದಲ್ಲಿ ಒಡೆದ ಜಾಗ ಯಾವುದೆಂದು ನನಗೆ ಹುಡುಕಲಾಗಲಿಲ್ಲ. ನನ್ನ ಹೆದರಿಕೆಯೂ ಅದೇ. ಕಾರ್ಖಾನೆಯಲ್ಲಿ ಇಂಥ ಚಕ್ರವನ್ನು ಸುಮಾರು 540 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಬಲ ತುಂಬಿರುತ್ತಾರೆ. ವೆಲ್ಡಿಂಗ್ ಶಾಖಕ್ಕೆ ಹೊಲಿಗೆಯ ಅಕ್ಕಪಕ್ಕದ ಲೋಹ ಆ ಹದ ಕಳೆದುಕೊಂಡು ಮೆತ್ತಗಾಗುತ್ತದೆ. "ಗ್ಯಾರಂಟಿ ಇದೆಯಾ?" ಎಂದು ಕೇಳಿದೆ. "ಲೀಕ್ ಆಗಲ್ಲ, ಅದಕ್ಕೆ ಗ್ಯಾರಂಟಿ" ಅಂದ. ಪ್ರಾಮಾಣಿಕ ಉತ್ತರ. ನನಗೆ ಬೇಕಿದ್ದದ್ದು ಇನ್ನೊಂದು ಗ್ಯಾರಂಟಿ. ಅದನ್ನು ಅವನು ಕೊಡಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಸ್ಟೆಪ್ನಿ. ಅಲಾಯ್‌ಗಳು 16 ಇಂಚಿನವು, ಟೈರು 195/55. ಸ್ಟೆಪ್ನಿ ಮಾತ್ರ 15 ಇಂಚಿನ ಉಕ್ಕಿನದು, ಟೈರು 185/65. ಇದೇ ಕಾರಿನ ಕಡಿಮೆ ಬೆಲೆಯ ಮಾದರಿಗೆ ಕಂಪನಿಯವರೇ ಕೊಡುವ ಚಕ್ರ ಅದು. ಒಟ್ಟು ವ್ಯಾಸ ಎರಡಕ್ಕೂ ಹೆಚ್ಚುಕಡಿಮೆ 621 ಮಿಲಿಮೀಟರ್, ಆದರೆ ಟೈರಿನ ಪಕ್ಕೆಯ ಎತ್ತರ 107ರಿಂದ 120ಕ್ಕೆ ಏರುತ್ತದೆ. ಗುಂಡಿಗೂ ರಿಮ್ಮಿಗೂ ನಡುವೆ ಒಂದು ಬೆರಳಿನಷ್ಟು ಹೆಚ್ಚಿನ ರಬ್ಬರು. ಉಕ್ಕಿನ ರಿಮ್ ಇನ್ನೂ ಮೂರು, ಟೈರು ಮೂರು ತೆಗೆದುಕೊಂಡೆ. ಖರ್ಚೇನೂ ಕಡಿಮೆಯಾಗಲಿಲ್ಲ. ಪ್ಲಾಸ್ಟಿಕ್ ವೀಲ್ ಕ್ಯಾಪ್ ಕಂಡು ಮಗ, "ಟ್ಯಾಕ್ಸಿ ತರ ಕಾಣ್ತಿದೆ" ಎಂದು ಮುಖ ಸಿಂಡರಿಸಿದ. ಒಂದು ಒಳ್ಳೆ ಅಲಾಯ್ ಈಗ ಡಿಕ್ಕಿಯಲ್ಲಿ ಸ್ಟೆಪ್ನಿಯಾಗಿ ಮಲಗಿದೆ.

ಒಡೆದ ಎರಡಕ್ಕೂ ಗಿರಾಕಿ ಬಂದ; ಗುಜರಿ ದರಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತೇನೆಂದ. ಯಾಕೆಂದು ಕೇಳಿದರೆ ನಕ್ಕ. ಹೊಲಿದು, ಬಣ್ಣ ಬಳಿದು ಇನ್ನೊಬ್ಬರಿಗೆ ದಾಟಿಸುವ ವ್ಯಾಪಾರ ಅದು. ಅವನನ್ನು ಸಾಗಹಾಕಿ, ಗುಜರಿ ಅಂಗಡಿಗೆ ಹೋಗಿ ಎರಡನ್ನೂ ಎದುರಿಗೇ ಗ್ರೈಂಡರ್‌ನಲ್ಲಿ ಹೋಳು ಮಾಡಿಸಿದೆ. ಅಲ್ಯೂಮಿನಿಯಂ ಕಿಲೋ ಲೆಕ್ಕದಲ್ಲಿ ಬಂದ ದುಡ್ಡಿನಲ್ಲಿ ಕತ್ತರಿಸಿದ ಕೂಲಿಯನ್ನೂ ಮುರಿದುಕೊಂಡೇ ಕೊಟ್ಟರು.